ಗುಡ್ಡವ್ವ ಗಂಟು ಹಾಕುವವಳಲ್ಲ

ನಮ್ಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೊಟ್ರೇಶ ಹೋದ ಸೋಮವಾರ ಎರಡು ಹಾಳೆಯ ಒಂದು ನಮೂನೆ ತಂದು ನನ್ನ ಮಗ್ಗದ ಪಕ್ಕದಲ್ಲಿಟ್ಟ. ಮೇಲೆ ದಪ್ಪ ಅಕ್ಷರದಲ್ಲಿ ‘ಗ್ರಾಮ ಪರಿಚಯ’ ಎಂದಿತ್ತು. ಪಂಚಾಯಿತಿಗೆ ಸೇರಿದ ಐದೂ ಊರುಗಳದ್ದು ಸೇರಿಸಿ ಒಂದು ಪುಸ್ತಕ ಮಾಡುತ್ತಾರಂತೆ.

“ಭುವನಕ್ಕಾ, ನಮ್ಮ ಊರಿಂದು ನೀವ ಬರೀರಿ. ಗ್ರಾಮಸಭಾದಾಗ ಎಲ್ಲಾರ ಮುಂದ ನೀವ ಓದಬೇಕು. ಆಮ್ಯಾಲ ಛಾಪಸಾಕ ಕೊಡತೀವಿ,” ಎಂದ.

“ನಾನ ಯಾಕಪಾ? ಊರಾಗ ಸಾಲಿ ಕಲತವ್ರು ಬ್ಯಾರೆ ಯಾರೂ ಇಲ್ಲೇನ?”

“ಅದಾರ್ರಿ. ಆದ್ರ ನೀವು ಇದ್ದದ್ದು ಇದ್ದಂಗ ಬರೀತೀರಿ. ಅದು ಊರಿಗೆಲ್ಲಾ ಗೊತ್ತೈತಿ.”

ಲಾಳಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಹೊಗಳಿ ಅಟ್ಟಕ್ಕೇರಿಸಿದೆ ಎಂದುಕೊಂಡು ಅವನು ನಗುತ್ತ ಹೋದ. ಆ ಮಾತು ನನ್ನ ಕೆನ್ನೆಗೆ ಬಾರಿಸಿದ ಹಾಗೆ ಬಿತ್ತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ನನ್ನ ಹೆಸರು ಭುವನೇಶ್ವರಿ. ವಯಸ್ಸು ಐವತ್ತೆರಡು. ನಾನೂ ನನ್ನ ಗಂಡ ಶಂಭುಲಿಂಗನೂ ಸೀರೆ ನೇಯುವವರು. ಹೆಂಗಸರ ಸಂಘದ ಠರಾವು ಪುಸ್ತಕ ಬರೆಯುವವಳು ನಾನೇ. ಯಾರ ಸೀರೆ ಜಾಳಾಗಿದ್ದರೂ “ಇದೇನ ಸೀರಿಯೋ, ಜೋಳದ ಚೀಲೋ?” ಎಂದು ಮುಖದ ಮೇಲೇ ಕೇಳಿದವಳು. ಭುವನಕ್ಕ ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆ ಎಂದು ಊರಿನವರು ಹೇಳುತ್ತಿದ್ದರು. ಆ ಮಾತನ್ನು ನಾನು ಬಂಗಾರದ ಸರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗಿದೆ.

ಇರಲಿ. ಮೊದಲು ನಮೂನೆ ತುಂಬುತ್ತೇನೆ.

ಊರಿನ ಹೆಸರು ಗವಿಹಾಳ. ಗಜೇಂದ್ರಗಡದ ಗುಡ್ಡಗಳ ಸಾಲಿನಲ್ಲಿ, ಮೇಲೂ ಅಲ್ಲದ ಕೆಳಗೂ ಅಲ್ಲದ ಒಂದು ಮಗ್ಗುಲಲ್ಲಿ ಇದೆ. ನೂರಾ ಮೂವತ್ತೆಂಟು ಮನೆ. ಗೋಡೆಗೆ ಗುಡ್ಡದ್ದೇ ಕಲ್ಲು, ನೆಲಕ್ಕೆ ಗುಡ್ಡದ್ದೇ ಹಾಸುಗಲ್ಲು. ಬಸ್ಸು ದಿನಕ್ಕೆ ಎರಡು ಸಲ ಬರುತ್ತದೆ. ಏರು ಹತ್ತಲಾರದ ದಿನ ಡ್ರೈವರ್ ಕೆಳಗಿನ ಬೇವಿನ ಮರದ ಹತ್ತಿರವೇ ತಿರುಗಿಸಿಕೊಂಡು ಹೋಗುತ್ತಾನೆ. ಸಂತೆಗೆ ನಾವು ಗಜೇಂದ್ರಗಡಕ್ಕೆ ಇಳಿಯುತ್ತೇವೆ, ಬೀಗತನ ನರೇಗಲ್, ಜಕ್ಕಲಿಯ ಕಡೆ ಮಾಡುತ್ತೇವೆ. ಮುಂಚೆ ತೊಂಬತ್ತು ಮಗ್ಗ ಇದ್ದವು, ಈಗ ನಲವತ್ತೊಂದು.

ನಮ್ಮಲ್ಲಿ ನೀರಿಗಿಂತ ಗಾಳಿ ಜಾಸ್ತಿ. ಅದಕ್ಕೇ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ನೋಡಲು ಬಂದವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೇಯುವವರಿಗೆ ಆ ಗಾಳಿ ಎಂದರೆ ಆಗದು. ಗಂಜಿ ಹಾಕಿದ ನೂಲಿಗೆ ಗುಡ್ಡದ ಒಣಗಾಳಿ ತಾಗಿತೆಂದರೆ ಎಳೆ ಹಪ್ಪಳದ ಹಾಗೆ ಮುರಿಯುತ್ತದೆ. ಹೀಗಾಗಿ ಮಗ್ಗ ಇರುವ ಕೋಣೆಯ ಪಡುವಣ ಕಿಡಕಿಯನ್ನು ಊರಿನಲ್ಲಿ ಯಾರೂ ತೆಗೆಯುವುದಿಲ್ಲ. ಮನೆಗೆ ಬಂದ ಹೊಸ ಸೊಸೆಗೆ ಮೊದಲು ಕಲಿಸುವುದು ಅದನ್ನೇ.

ಇಲ್ಲಿಯವರೆಗೆ ಸರಾಗವಾಗಿ ಬರೆದೆ. ಎರಡನೆಯ ಹಾಳೆಯಲ್ಲಿ ‘ಊರಿನ ಹೆಸರಾಂತ ಕುಶಲಕರ್ಮಿಗಳು’ ಎಂದಿತ್ತು. ಪೆನ್ನು ಹಿಡಿದುಕೊಂಡು ಒಂದು ತಾಸು ಕೂತೆ. ಶಂಭುಲಿಂಗ ಬಂದು, “ಏನ, ನಿನ್ನ ಹೆಸರ ಬರ್ಕೊಳ್ಳಾಕ ನಾಚಿಕಿ ಬಂತೇನ?” ಎಂದು ಚಾಷ್ಟಿ ಮಾಡಿದ. ನಾಚಿಕೆಯೇನೋ ಬಂದಿತ್ತು. ಅವನು ಅಂದುಕೊಂಡ ನಾಚಿಕೆಯಲ್ಲ.

ಅಲ್ಲಿ ಬರೆಯಬೇಕಾದ ಹೆಸರು ಒಂದೇ. ಗುಡ್ಡವ್ವ.

ಗುಡ್ಡವ್ವ ನಮ್ಮ ಊರಿನ ಕೆಚ್ಚುವ ಹೆಂಗಸು, ಸಂಬಂಧವಿಲ್ಲದಿದ್ದರೂ ನನಗೆ ‘ಅತ್ತಿ’. ಕೆಚ್ಚುವುದು ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಮಗ್ಗದ ಮೇಲಿನ ಉದ್ದನೆಯ ನೂಲಿಗೆ ಹಾಸು ಎನ್ನುತ್ತೇವೆ. ಒಂದು ಹಾಸು ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸನ್ನು ಜೋಡಿಸಬೇಕು. ಮೂರು ಸಾವಿರಕ್ಕೂ ಮಿಕ್ಕಿ ಎಳೆ ಇರುತ್ತವೆ. ಹಳೆಯದರ ಒಂದೊಂದು ಎಳೆಗೆ ಹೊಸದರ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಗಂಟು ಹಾಕಬಾರದು, ಹೊಸೆದ ಜಾಗ ಎಳೆಯಷ್ಟೇ ತೆಳ್ಳಗಿರಬೇಕು. ಒಂದೇ ಒಂದು ಎಳೆ ಪಕ್ಕದ್ದಕ್ಕೆ ಹೋಯಿತೋ, ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಗೆರೆ ಬೀಳುತ್ತದೆ.

ಗುಡ್ಡವ್ವ ಹುಟ್ಟಿದ್ದು ಜಕ್ಕಲಿಯಲ್ಲಿ, ಎರೆಹೊಲದ ಒಕ್ಕಲುತನದ ಮನೆಯಲ್ಲಿ. ಹದಿನಾರಕ್ಕೆ ಲಗ್ನವಾಗಿ ನೇಕಾರ ತೋಟಪ್ಪನ ಮನೆಗೆ ಬಂದಾಗ ಮಗ್ಗ ಕಂಡವಳಲ್ಲ. ಗುಡ್ಡವೇ ಇಲ್ಲದ ಊರಿನಲ್ಲಿ ಹುಟ್ಟಿ ಗುಡ್ಡವ್ವ ಹೇಗಾದೆ ಎಂದು ಹೆಂಗಸರು ಕಾಡುತ್ತಿದ್ದರಂತೆ. “ಗುಡ್ಡಕ್ಕ ಬರೋದು ಇತ್ತಲ್ಲ, ಮೊದಲ ಹೆಸರ ಇಟ್ಟು ಕಳಿಸ್ಯಾರ,” ಎನ್ನುತ್ತಿದ್ದಳಂತೆ. ಅತ್ತೆ ಕೆಚ್ಚುವುದನ್ನು ಕಲಿಸಿದಳು. ಗಂಡ ತೀರಿಕೊಂಡ ಮೇಲೆ ಆ ಬೆರಳುಗಳ ಮೇಲೆಯೇ ಮಗ ಸಿದ್ದಲಿಂಗನನ್ನು ಸಾಕಿದಳು, ಮದುವೆ ಮಾಡಿದಳು.

ಕೆಚ್ಚಲು ಹೇಳಿಕಳಿಸಿದರೆ ಬೆಳಗಿನ ಬಿಸಿಲು ಬೀಳುವ ಮೊದಲೇ ಬಾಗಿಲಲ್ಲಿ ಇರುತ್ತಿದ್ದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ, ಒಳಗೆ ಅರಿವೆಯಲ್ಲಿ ಸೋಸಿದ ಕುಳ್ಳಿನ ಬೂದಿ. ಬಂದವಳೇ ಮೊದಲು ಕಿಡಕಿ ನೋಡುವಳು. “ಕಿಡಕಿ ಮುಚ್ಚೀಯಿಲ್ಲವ್ವಾ? ಗಾಳಿ ಎಳಿ ತಿಂತೈತಿ.” ಆಮೇಲೆ ಮಾತಿಲ್ಲ. ಅರ್ಧ ಹಾಸು ಮುಗಿಯುವ ತನಕ ಚಹಾ ಸಹ ಮುಟ್ಟುತ್ತಿರಲಿಲ್ಲ. ನಾನು ಬಾಯಿ ಮುಚ್ಚದವಳು, ಊರಿನ ಸುದ್ದಿಯೆಲ್ಲ ಅವಳ ಮುಂದೆ ಹರವಿಕೊಂಡು ಕೂಡುತ್ತಿದ್ದೆ. ಒಮ್ಮೆ ಮುಖ ಎತ್ತದೆ ಹೇಳಿದಳು: “ಭುವನಾ, ನಿನ್ನ ಬಾಯಿ ಭಾಳ ಚಲೋ ಐತಿ. ಕೈಗೆ ಅಷ್ಟ ನಿಧಾನ ಕಲಸು.”

ಐವತ್ತು ವರ್ಷ ಅವಳು ಕೆಚ್ಚಿದಳು. ಒಂದು ಎಳೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಹಾಗಾದರೆ ಮೂರು ವರ್ಷದಿಂದ ಊರಿನಲ್ಲಿ ಯಾರೂ ಅವಳನ್ನು ಕೆಚ್ಚಲು ಏಕೆ ಕರೆಯುತ್ತಿಲ್ಲ ಎಂದು ಕೇಳುತ್ತೀರಿ. ಅದನ್ನೇ ಹೇಳಬೇಕಾಗಿದೆ. ಹೇಳುತ್ತೇನೆ.

ನಮ್ಮ ಊರಿನದೊಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ಇಟಗಿಯ ಭೀಮವ್ವನಿಗೆ ನಾವು ಒಂದು ಸೀರೆ ಒಯ್ಯುತ್ತೇವೆ, ಊರೆಲ್ಲ ಸೇರಿ ನಡೆದುಕೊಂಡು. ಪಾಳಿಯ ಪ್ರಕಾರ ಒಂದೊಂದು ವರ್ಷ ಒಂದೊಂದು ಮನೆಯವರು ಅದನ್ನು ನೇಯಬೇಕು. ದೇವಿಯ ಸೀರೆಯಲ್ಲಿ ಗಂಟು ಇರಕೂಡದು. ನೇಯುವಾಗ ಎಳೆ ಹರಿದರೆ ನೇಯುವವರು ಮುಟ್ಟಬಾರದು, ಕೆಚ್ಚುವ ಹೆಂಗಸನ್ನೇ ಕರೆಸಿ ಹೊಸೆಸಬೇಕು. ಹೊರಡುವ ದಿನ ಬೆಳಿಗ್ಗೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸೀರೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಹಿರಿಯರು ನೋಡುತ್ತಾರೆ. ತಪ್ಪು ಕಂಡರೆ, ಅದು ಯಾರ ಕೈಯಿಂದ ಆಯಿತೋ ಅವರು ತಾವಾಗಿ ಎದ್ದು ನಿಂತು “ನನ್ನ ಕೈ ತಪ್ಪೈತ್ರಿ” ಎನ್ನಬೇಕು. ಅಷ್ಟು ಅಂದರೆ ಮುಗಿಯಿತು. ಮುಂದೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಆ ಸೀರೆ ಉಡುವುದಿಲ್ಲ, ಮಾರುವುದಿಲ್ಲ, ನೇಯ್ದವರ ಟ್ರಂಕಿನಲ್ಲಿ ಇರುತ್ತದೆ. ದೇವಿಗೆ ಬೇರೆ ಸೀರೆ ಹೋಗುತ್ತದೆ.

ಒಳ್ಳೆಯ ಪದ್ಧತಿ. ತಪ್ಪಿದವರ ಮಾನ ಕಾಯುವ ಪದ್ಧತಿ. ಅದನ್ನು ನಾನು ಹೇಗೆ ಬಳಸಿಕೊಂಡೆ ಕೇಳಿ.

ಮೂರು ವರ್ಷದ ಹಿಂದೆ ಪಾಳಿ ನಮ್ಮ ಮನೆಗೆ ಬಂತು. ಕರಿ ಒಡಲು, ಅಂಚಿಗೆ ಕೆಂಪು ದಡಿ, ದಡಿಯ ನಡುವೆ ಹಳದಿ ಗೆರೆ. ಗುಡ್ಡವ್ವ ಒಂದು ದಿನ ಪೂರ್ತಿ ಕೂತು ಕೆಚ್ಚಿದಳು. ದೇವಿಯ ಸೀರೆಗೆ ಅವಳು ಕೂಲಿ ಮುಟ್ಟುತ್ತಿರಲಿಲ್ಲ. ಏಳುವಾಗ ಹಾಸಿನ ನೂಲಿಗೆ ಕೈ ಮುಗಿದು, “ಇನ್ನ ನಿನ್ನ ಕೈಯಾಗ ಐತಿ,” ಎಂದು ಹೇಳಿ ಹೋದಳು.

ಮರುದಿನ ಶಂಭುಲಿಂಗ ನೂಲು ತರಲು ಗಜೇಂದ್ರಗಡಕ್ಕೆ ಇಳಿದಿದ್ದ. ನಾನೊಬ್ಬಳೇ ಮಗ್ಗಕ್ಕೆ ಕೂತೆ. ಎರಡು ಬೆರಳಷ್ಟು ನೇಯ್ದಿರಬೇಕು, ನರೇಗಲ್ಲಿಗೆ ಕೊಟ್ಟ ಮಗಳು ಉಮಾಶ್ರೀಯ ಫೋನು ಬಂತು. ಹೊಸ ಮನೆಯ ಅಡಿಗೆಮನೆ ತೋರಿಸುತ್ತೇನೆ, ವಿಡಿಯೊ ಹಚ್ಚು ಎಂದಳು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಹತ್ತುವುದು ಒಂದೇ ಜಾಗದಲ್ಲಿ, ಪಡುವಣ ಕಿಡಕಿಯಲ್ಲಿ, ಅದೂ ಅದರ ಕದ ತೆಗೆದರೆ.

ತೆಗೆದೆ.

ಅಡಿಗೆಮನೆ ನೋಡಿದೆ, ಕಪಾಟು ನೋಡಿದೆ, ಪಾತ್ರೆ ಇಡುವ ಜಾಲಿ ನೋಡಿದೆ, ಬೀಗರು ಏನಂದರು ಎಂದು ಕೇಳಿದೆ. ಅರ್ಧ ತಾಸು ಆಗಿರಬೇಕು. ಗಾಳಿ ನನ್ನ ಬೆನ್ನ ಹಿಂದೆ ಹಾಸಿನ ಮೇಲೆ ಹಾದು ಹೋಗುತ್ತಿತ್ತು. ಅದರ ಸದ್ದು ಕೇಳಿಸಿತು ಸಹ. ಕೇಳಿಸಿಯೂ ಮಾತು ಮುಗಿಸಲಿಲ್ಲ. ಫೋನು ಇಟ್ಟು ಬಂದು ಗಡಿಬಿಡಿಯಿಂದ ಮಗ್ಗದ ಕಾಲುಮಣೆ ಒತ್ತಿದೆ. ದಡಿಯ ಹತ್ತಿರ ಆರು ಎಳೆ ಪಟಪಟ ಹರಿದವು.

ಗುಡ್ಡವ್ವನ ಮನೆ ಎಷ್ಟು ದೂರ? ಮೂರು ಮನೆ ದಾಟಿದರೆ ನಾಲ್ಕನೆಯದು. ಕರೆದಿದ್ದರೆ ಅವಳು ಡಬ್ಬಿ ಹಿಡಿದು ಬರುತ್ತಿದ್ದಳು. ಬಂದು ಮೊದಲು ಕಿಡಕಿ ನೋಡುತ್ತಿದ್ದಳು. “ಯಾಕ ತೆಗೆದಿ?” ಎಂದು ಕೇಳುತ್ತಿದ್ದಳು. ಫೋನಿನಲ್ಲಿ ಮಗಳ ಅಡಿಗೆಮನೆ ನೋಡುತ್ತಿದ್ದೆ ಎಂದು ನಾನು ಹೇಳಬೇಕಾಗುತ್ತಿತ್ತು. ಹೊಸ ಸೊಸೆಯಂದಿರಿಗೆಲ್ಲ ಕಿಡಕಿಯ ಪಾಠ ಹೇಳಿದ ಭುವನಕ್ಕ! ಅಷ್ಟು ಸಣ್ಣ ಮಾತಿಗೆ ನಾನು ಹೆದರಿದೆ. ಕಿಡಕಿ ಮುಚ್ಚಿ, ಅಗಳಿ ಹಾಕಿ, ಆರೂ ಎಳೆಗೆ ನಾನೇ ಗಂಟು ಹಾಕಿದೆ.

ಒಂದು ಗೇಣು ನೇಯ್ದ ಮೇಲೆ ಕಂಡಿತು. ಹಳದಿಯ ಜಾಗದಲ್ಲಿ ಒಂದು ಕೆಂಪು ಎಳೆ, ಕೆಂಪಿನ ಜಾಗದಲ್ಲಿ ಒಂದು ಹಳದಿ. ಗಡಿಬಿಡಿಯಲ್ಲಿ ಎರಡನ್ನು ಅದಲುಬದಲು ಮಾಡಿದ್ದೆ. ಆಗಲೂ ಬಿಚ್ಚಬಹುದಿತ್ತು. ಕೂದಲಿನಷ್ಟು ಗೆರೆ, ಯಾರು ನೋಡುತ್ತಾರೆ ಎಂದುಕೊಂಡೆ. ನಾಲ್ಕು ದಿನ ಆ ಗೆರೆಯನ್ನು ನೋಡುತ್ತ ನೇಯ್ದೆ. ಶಂಭುಲಿಂಗನಿಗೆ ತೋರಿಸಲಿಲ್ಲ. ದಡಿಯ ಆ ಭಾಗ ಬಂದಾಗ ಕಣ್ಣು ಬೇರೆ ಕಡೆ ತಿರುಗಿಸುವುದನ್ನು ಸಹ ಕಲಿತೆ.

ಕಟ್ಟೆಯ ಮೇಲೆ ಸೀರೆ ಹಿಡಿದವನು ಮುದಿಯಪ್ಪಜ್ಜ. ಊರಿನಲ್ಲಿ ಎಲ್ಲರಿಗಿಂತ ಹಿರಿಯ ನೇಕಾರ, ಎಂಬತ್ತು ದಾಟಿದೆ. ಬಿಸಿಲಿಗೆ ಹಿಡಿದ, ಸರಿಸಿದ, ಮತ್ತೆ ಹಿಂದಕ್ಕೆ ತಂದ. ಹೆಬ್ಬೆರಳು ದಡಿಯ ಮೇಲೆ ನಿಂತಿತು.

“ಇಲ್ಲೆ ಎಳಿ ಅದಲಬದಲ ಆಗೈತಿ. ಮೊದಲಿಂದ ಕಡೀತನಕ ಹಂಗ ಹೋಗೈತಿ,” ಎಂದ.

ಸೀರೆಯ ನಡುವೆ ಹುಟ್ಟಿದ ತಪ್ಪಾದರೆ ನೇಯ್ದವರದು. ಮೊದಲಿನಿಂದಲೇ ಬಂದದ್ದಾದರೆ ಕೆಚ್ಚಿದವರದು. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾನು ಎರಡೇ ಬೆರಳು ನೇಯ್ದಾಗ ಎಳೆ ಹರಿದಿದ್ದವು ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಹೆಂಗಸರ ಸಾಲಿನಲ್ಲಿ ಗುಡ್ಡವ್ವ ನನ್ನ ಎದುರಿಗೇ ಕೂತಿದ್ದಳು. ಅವಳು ಸೀರೆಯ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

ಏಳಬೇಕು ಎಂದು ಕಾಲಿಗೆ ಹೇಳಿದೆ. ಸತ್ಯವಾಗಿ ಹೇಳಿದೆ. ಸೀರೆ ನೋಡಿ ಜೋಳದ ಚೀಲ ಎಂದು ನಾನು ಹಂಗಿಸಿದ ಹೆಂಗಸರೆಲ್ಲ ಸುತ್ತ ಕೂತಿದ್ದರು. ಕಾಲು ಏಳಲಿಲ್ಲ.

ಗುಡ್ಡವ್ವ ಎದ್ದಳು. ಮೊಳಕಾಲ ಮೇಲೆ ಕೈ ಊರಿ, ನಿಧಾನವಾಗಿ ಎದ್ದು ನಿಂತಳು.

“ನನ್ನ ಕೈ ತಪ್ಪೈತ್ರಿ,” ಎಂದಳು. “ಕಣ್ಣು ಮಂಜಾಗ್ಯಾವ ಕಾಣತೈತಿ.”

ಮುದಿಯಪ್ಪಜ್ಜ ಸೀರೆ ಮಡಚಿ ನನ್ನ ಕೈಗೆ ಕೊಟ್ಟ. ಎಲ್ಲರೂ ಇಟಗಿಗೆ ನಡೆದೆವು. ದಾರಿಯುದ್ದಕ್ಕೂ ನಾನು ಗುಡ್ಡವ್ವನಿಂದ ಹತ್ತು ಹೆಜ್ಜೆ ಹಿಂದೆಯೇ ಇದ್ದೆ. ಆ ದಿನ ನಾನು ದೇವಿಯ ಮುಂದೆ ಏನು ಬೇಡಿಕೊಂಡೆ ಎಂದು ಕೇಳಬೇಡಿ.

ಪದ್ಧತಿಯ ಪ್ರಕಾರ ಯಾರೂ ಆ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೇನಿತ್ತು? ಮುಂದಿನ ಹಾಸು ಕೆಚ್ಚಲು ಒಬ್ಬರು ಗಜೇಂದ್ರಗಡದಿಂದ ಹೆಂಗಸನ್ನು ಕರೆಸಿದರು. ಇನ್ನೊಬ್ಬರೂ ಕರೆಸಿದರು. “ಪಾಪ, ವಯಸ್ಸಾತು, ಕಣ್ಣಿಗೆ ಯಾಕ ತ್ರಾಸು ಕೊಡೋದು?” ಎಂದು ಎಲ್ಲರೂ ಬಹಳ ಕಕುಲಾತಿಯಿಂದ ಹೇಳಿದರು. ನಾನೂ ಹೇಳಿದೆ. ಹೌದು, ನನ್ನ ಈ ಬಾಯಿಯಿಂದಲೇ ಹೇಳಿದೆ.

ಮಗ ಅವಳನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದ. ಪೊರೆ ಇಲ್ಲ, ವಯಸ್ಸಿಗೆ ಕಣ್ಣು ಚಲೋ ಇವೆ ಎಂದು ಡಾಕ್ಟರು ಹೇಳಿ ಕಳಿಸಿದರು. ಗುಡ್ಡವ್ವ ಡಾಕ್ಟರನ್ನು ನಂಬಲಿಲ್ಲ. “ಡಾಕ್ಟರಗ ಎಳಿ ಏನ ಗೊತ್ತು?” ಎಂದಳಂತೆ. ಬೂದಿಯ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಇಟ್ಟವಳು ಮತ್ತೆ ತೆಗೆಯಲಿಲ್ಲ.

ಇಷ್ಟಾದರೂ ನಾನು ನಿದ್ದೆ ಮಾಡುತ್ತಿದ್ದೆ. ಹೇಗೆ ಎಂದರೆ, ನನಗೆ ನಾನೇ ಒಂದು ಕಥೆ ಕಟ್ಟಿಕೊಂಡಿದ್ದೆ. ಗುಡ್ಡವ್ವನಿಗೆ ಎಲ್ಲ ಗೊತ್ತು. ನನ್ನ ಮಾನ ಹೋಗಬಾರದೆಂದು, ನನ್ನ ಮೇಲಿನ ಅಂತಃಕರಣದಿಂದ ತಾನೇ ಎದ್ದು ನಿಂತಳು. ಅದಕ್ಕೇ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದಳು. ದೊಡ್ಡ ಮನಸ್ಸು, ಅವಳಿಗಾಗಿಯೇ ನಾನು ಸುಮ್ಮನಿರಬೇಕು. ನೋಡಿ, ಹೇಡಿತನಕ್ಕೆ ಎಷ್ಟು ಚಂದದ ಅಂಗಿ ಹೊಲಿದಿದ್ದೆ.

ಕೊಟ್ರೇಶ ನಮೂನೆ ಕೊಟ್ಟ ಮರುದಿನ, ಮಧ್ಯಾಹ್ನದ ಹೊತ್ತು, ಟ್ರಂಕಿನಿಂದ ಆ ಸೀರೆ ತೆಗೆದು ಬಗಲಲ್ಲಿ ಇಟ್ಟುಕೊಂಡು ಅವಳ ಮನೆಗೆ ಹೋದೆ. ಗುಡ್ಡವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಒಂದು ಮೊರ ಆಯಿತು. ಸೊಸೆ ಭಾರತಿಯನ್ನು ಕರೆದಳು.

“ಹಳ್ಳು ಉಳದಾವೇನ ನೋಡವ್ವಾ.”

“ಇಲ್ರಿ ಅತ್ತಿ, ಹಸನಾಗೇತಿ.”

“ಇನ್ನೊಮ್ಮಿ ನೋಡು. ನನ್ನ ಕಣ್ಣು ನಂಬಬ್ಯಾಡ.”

ಭಾರತಿ ಮತ್ತೊಮ್ಮೆ ನೋಡುವ ಹಾಗೆ ಮಾಡಿ ಮೊರ ಒಯ್ದಳು. ದಿನಾ ಹೀಗೇ ಎನ್ನುವ ಹಾಗೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ನನಗೆ ನಿಂತ ನೆಲ ಬಾಯಿ ತೆರೆಯಬಾರದೇ ಎನಿಸಿತು. ಜೋಳದೊಳಗಿನ ಹಳ್ಳು ಆರಿಸಲೂ ತನ್ನ ಕಣ್ಣು ಸಾಲದು ಎಂದು ಆ ಹೆಂಗಸು ಮೂರು ವರ್ಷದಿಂದ ತಿಳಿದಿದ್ದಾಳೆ. ಅಂತಃಕರಣದಿಂದ ಎದ್ದು ನಿಂತವಳು ಹೀಗೆ ಇರುತ್ತಾಳೆಯೇ? ನಾನು ಕಟ್ಟಿಕೊಂಡಿದ್ದ ಕಥೆ ಆ ಮೊರದ ಮುಂದೆಯೇ ಸಡಿಲಾಯಿತು.

“ಬಾ ಭುವನಾ, ಕುಂದರ. ಏನ ಅಪರೂಪ?” ಎಂದಳು.

ಸೀರೆಯನ್ನು ಅವಳ ತೊಡೆಯ ಮೇಲೆ ಇಟ್ಟೆ. ಅವಳು ನೋಡಿದ ತಕ್ಷಣ ಗುರುತು ಹಿಡಿದಳು. ಕೈ ಹಿಂದೆ ತೆಗೆದಳು.

“ಇದನ್ಯಾಕ ತಂದಿ? ಮುಗದದ್ದು ಅದು.”

“ನೀ ಒಮ್ಮಿ ನೋಡು ಅತ್ತಿ.”

“ನನ್ನ ಕಣ್ಣಿಗೆ ಏನ ಕಾಣತೈತಿ? ಭಾರತಿಗೆ ತೋರ್ಸು.”

“ಬ್ಯಾಡ. ನೀನ ನೋಡು. ಕೈಲೆ ನೋಡು.”

ಗುಡ್ಡವ್ವ ಸೀರೆಯ ತುದಿ ಹುಡುಕಿ, ದಡಿಯನ್ನು ಬೆರಳುಗಳ ನಡುವೆ ಹಿಡಿದಳು. ಕಣ್ಣು ಮುಚ್ಚಿಕೊಂಡಳು. ಬೆರಳು ಸರಿಯುತ್ತ ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು. ತುಟಿ ಅಲ್ಲಾಡಿದ್ದನ್ನು ನೋಡಿದೆ, ಎಣಿಸುತ್ತಿದ್ದಳು.

“ಗಂಟು,” ಎಂದಳು. “ಆರು ಅದಾವ.”

ಆಮೇಲೆ ಕಣ್ಣು ತೆರೆದು, ಒಂದು ಹಠದ ದನಿಯಲ್ಲಿ ಹೇಳಿದಳು: “ಇವು ನನ್ನವಲ್ಲ. ನಾ ಗಂಟು ಹಾಕಾಕಿ ಅಲ್ಲ.”

“ನನ್ನ ಕೈ ತಪ್ಪೈತಿ ಅತ್ತಿ,” ಎಂದೆ. ಕಿಡಕಿ, ಫೋನು, ಅಡಿಗೆಮನೆ, ಹರಿದ ಎಳೆ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅದೆಷ್ಟು ಸಣ್ಣ ಸಂಗತಿ ಎನ್ನುವುದು ನನಗೇ ಕೇಳಿಸತೊಡಗಿತು. ಅದಕ್ಕಾಗಿ ಒಬ್ಬಳ ಐವತ್ತು ವರ್ಷವನ್ನು ಕೊಟ್ಟುಬಿಟ್ಟಿದ್ದೆ.

ಭಾರತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಈಗ ಅವಳು ನಗಲಿಲ್ಲ.

ಗುಡ್ಡವ್ವನ ಬೆರಳು ಇನ್ನೂ ಗಂಟಿನ ಮೇಲೆಯೇ ಇತ್ತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

“ಅತ್ತಿ, ನಿನಗ ಆವತ್ತ ಗೊತ್ತಾಗಿರಲಿಲ್ಲೇನ?”

“ಹ್ಯಾಂಗ ಗೊತ್ತಾಗಬೇಕು?”

“ಮತ್ತ ನನ್ನ ಮಾರಿ ಅಷ್ಟೊತ್ತು ಯಾಕ ನೋಡಿದಿ? ನೀನ ಯಾಕ ಎದ್ದು ನಿಂತಿ?”

ಅವಳು ನನ್ನನ್ನು ನೋಡಿದಳು. ಕಟ್ಟೆಯ ಮೇಲೆ ನೋಡಿದ ಹಾಗೆಯೇ.

“ನೀ ಏಳ್ತೀಯೇನ ಅಂತ ನೋಡಿದೆ. ಭುವನಾಂದು ತಪ್ಪಿದ್ರ ಎಲ್ಲಾರಕಿಂತ ಮೊದಲ ಏಳಾಕಿ ಆಕಿ, ಸುಳ್ಳ ಹೇಳಾಕಿ ಅಲ್ಲ ಅಂದ್ಕೊಂಡೆ. ನೀ ಏಳಲಿಲ್ಲ. ಆಕಿ ಕುಂತಾಳಂದ್ರ ತಪ್ಪು ನಂದ ಇರಬೇಕು ಅಂತ ತಿಳ್ಕೊಂಡೆ. ಎದ್ದೆ.”

“ಐವತ್ತು ವರ್ಷದ ನನ್ನ ಕೈ ನಾ ನಂಬಲಿಲ್ಲ,” ಎಂದಳು ಗುಡ್ಡವ್ವ. “ನಿನ್ನ ನಂಬಿದೆ.”

ಅಳು ಬಂತು. ಅವಳ ಮುಂದೆ ಅಳುವ ಹಕ್ಕು ನನಗಿಲ್ಲ ಎಂದು ನುಂಗಿಕೊಂಡೆ. ಏಳುವಾಗ ಅವಳ ಕಾಲು ಮುಟ್ಟಲು ಬಾಗಿದೆ. ಅವಳು ಕಾಲು ಎಳೆದುಕೊಂಡಳು.

“ಅದೆಲ್ಲಾ ಇಲ್ಲೆ ಬ್ಯಾಡ. ನಾ ಎಲ್ಲೆ ನಿಂತಿದ್ದೆ, ಅಲ್ಲೆ ನಿಂದರು.” ಸೀರೆಯನ್ನು ಮಡಚಿ ನನಗೆ ಕೊಡಲಿಲ್ಲ, ತನ್ನ ಬದಿಗೆ ಇಟ್ಟುಕೊಂಡಳು. “ಇದು ನನ್ನ ಹತ್ರ ಇರ್ಲಿ.”

ಅಲ್ಲಿಂದ ನೆಟ್ಟಗೆ ಮುದಿಯಪ್ಪಜ್ಜನ ಮನೆಗೆ ಹೋದೆ. ಎಲ್ಲ ಹೇಳಿದೆ. ಕಟ್ಟೆಗೆ ಊರನ್ನು ಸೇರಿಸಿರಿ, ನಾನು ಎದ್ದು ನಿಲ್ಲಬೇಕು ಎಂದೆ. ಅಜ್ಜ ತಲೆಯ ಮೇಲಿನ ರುಮಾಲು ತೆಗೆದು ಪಕ್ಕಕ್ಕಿಟ್ಟ.

“ತಂಗೀ, ಕಟ್ಟಿ ಮ್ಯಾಲ ಮುಗದ ಮಾತು ಮುಗೀತು. ಒಬ್ಬರು ಒಪ್ಪಿಗೊಂಡ ಮ್ಯಾಲ ಅದನ್ನ ಎತ್ತೋ ಹಂಗಿಲ್ಲ. ನಿನಗೋಸ್ಕರ ಪದ್ಧತಿ ಮುರದ್ರ ನಾಳೆ ಎಲ್ಲಾರ ತಪ್ಪೂ ಮತ್ತ ಮತ್ತ ಹೊರಗ ಬರತಾವ.”

“ಹಂಗಾರ ಗುಡ್ಡವ್ವತ್ತಿ ಹೆಸರು?”

ಅಜ್ಜ ರುಮಾಲನ್ನು ಮತ್ತೆ ಕೈಗೆತ್ತಿಕೊಂಡು, “ನಾನೂ ಆವತ್ತ ಸೀರಿ ತುದಿ ಮುಟ್ಟಿ ನೋಡಬೇಕಿತ್ತು. ಗಂಟ ಕೈಗೆ ಸಿಗತಿದ್ವು,” ಎಂದ. ಅಷ್ಟೇ ಅವನಿಂದ ಬಂದದ್ದು.

ಮನೆಗೆ ಬಂದು ಶಂಭುಲಿಂಗನಿಗೆ ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಂದೆ ಚಾಷ್ಟಿ ಮಾಡಲಿಲ್ಲ. ಎದ್ದು ಹೋಗಿ ಪಡುವಣ ಕಿಡಕಿಯ ಅಗಳಿ ಹಾಕಿದೆಯೇ ಎಂದು ನೋಡಿ ಬಂದ. ಆಮೇಲೆ ನಮೂನೆಯನ್ನು ನನ್ನ ಕಡೆ ಸರಿಸಿ, “ಬರಿ,” ಎಂದ.

ಬರೆದಿದ್ದೇನೆ. ಕೊಟ್ರೇಶ ಕೊಟ್ಟ ಎರಡು ಹಾಳೆ ಸಾಲದೆ ಠರಾವು ಪುಸ್ತಕದ ಹಾಳೆ ಹರಿದು ಸೇರಿಸಿದ್ದೇನೆ. ಇದರಲ್ಲಿ ಛಾಪಿಸುವಾಗ ಏನು ಬಿಡುತ್ತಾರೋ ಬಿಡಲಿ, ಓದುವಾಗ ನಾನು ಒಂದಕ್ಷರ ಬಿಡುವುದಿಲ್ಲ. ಗ್ರಾಮಸಭೆ ಬರುವ ಗುರುವಾರ, ಅದೇ ಹನುಮಪ್ಪನ ಗುಡಿಯ ಮುಂದೆ. ಅದು ಸರಕಾರದ ಸಭೆ, ಊರ ಕಟ್ಟೆಯಲ್ಲ. ಮುಗಿದ ಮಾತು ಎತ್ತಬಾರದೆಂಬ ಕಟ್ಟಳೆ ಅದಕ್ಕಿಲ್ಲ. ಇದ್ದರೂ ಎತ್ತುತ್ತೇನೆ. ಗುಡ್ಡವ್ವನಿಗೆ ಹೇಳಿ ಕಳಿಸಿದೆ. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲವಂತೆ. ಮೊರ ಮಾತ್ರ ಈಗ ಭಾರತಿಗೆ ತೋರಿಸುತ್ತಿಲ್ಲವಂತೆ.

ಊರಿನ ಹೆಸರಾಂತ ಕುಶಲಕರ್ಮಿಗಳು: ಗುಡ್ಡವ್ವ, ಗಂಡನ ಹೆಸರು ತೋಟಪ್ಪ, ವಯಸ್ಸು ಅರವತ್ತೊಂಬತ್ತು, ಕೆಲಸ ಕೆಚ್ಚುವುದು. ಐವತ್ತು ವರ್ಷದಲ್ಲಿ ಒಂದು ಎಳೆಯೂ ತಪ್ಪಿಲ್ಲ.

ಇಲ್ಲಿಯವರೆಗೆ ಓದುವಾಗ ನಾನು ನಿಂತಿರುತ್ತೇನೆ. ಇನ್ನು ಕಾಗದ ಕೆಳಗಿಟ್ಟು, ಅವಳು ಕೂತಿದ್ದರೆ ಅವಳ ಕಡೆ ತಿರುಗಿ, ಇಲ್ಲದಿದ್ದರೆ ಅವಳ ಮನೆಯ ಕಡೆ ತಿರುಗಿ, ಅವಳು ನನ್ನ ಬದಲಿಗೆ ಆಡಿದ ಮಾತನ್ನು ಅವಳಿಗೆ ತಿರುಗಿ ಕೊಡಬೇಕು.

ನನ್ನ ಕೈ ತಪ್ಪೈತ್ರಿ.